ಪೊರೆ ಬಂದ ಕಣ್ಣು ದಿನದ ಕೆಲಸಕ್ಕೆ ಎಷ್ಟು ಅಡ್ಡಿ? ಅಳೆಯುವ ಕ್ರಮ, ಹಂತ ಹಂತವಾಗಿ

ನೇತ್ರ ಶಿಬಿರಗಳಿಂದ ವಾಪಸ್ ಬರುವ ಫಾರಂಗಳಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. 6/36, 6/60 ಅಂತ ಚಾರ್ಟಿನ ಅಳತೆ ನೀಟಾಗಿ ಬರೆದಿರುತ್ತಾರೆ (6/36 ಅಂದರೆ ಚಲೋ ಕಣ್ಣಿಗೆ 36 ಮೀಟರಿನಿಂದ ಕಾಣುವುದು ಇವರಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ). ದಿನದ ಕೆಲಸ ಕೇಳುವ ಪುಟದಲ್ಲಿ ಮಾತ್ರ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಟಿಕ್. ಇಲ್ಲವೇ ಅರ್ಧ ಪುಟ ಖಾಲಿ. ಆ ಪುಟವನ್ನು ಸರಿಯಾಗಿ ತುಂಬುವುದು ಹೇಗೆ ಅನ್ನುವುದಷ್ಟೇ ಈ ಬರಹದ ವಿಷಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕೆಲಸ ಮಾಡುವ ನೇತ್ರ ಸಹಾಯಕರು, ನರ್ಸಿಂಗ್ ಮತ್ತು ಆಪ್ಟೊಮೆಟ್ರಿ ವಿದ್ಯಾರ್ಥಿಗಳು, ಜೊತೆಗೆ ಬರುವ ಆಶಾ ಕಾರ್ಯಕರ್ತೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಚಾರ್ಟು ಕಣ್ಣನ್ನು ಅಳೆಯುತ್ತದೆ. ಕಣ್ಣಿನಿಂದ ಏನು ಕೆಲಸ ನಿಂತಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಇಬ್ಬರಿಗೂ 6/24 ಇರಬಹುದು. ಒಬ್ಬರು ದನ ಮೇಯಿಸಿಕೊಂಡು ಆರಾಮಾಗಿರುತ್ತಾರೆ. ಇನ್ನೊಬ್ಬರು ಇಳಕಲ್ಲಿನ ಮಗ್ಗದ ಮುಂದೆ ಎಳೆ ಹುಡುಕಲಾಗದೆ ಕೂಲಿ ಕಳೆದುಕೊಂಡಿರುತ್ತಾರೆ.

ಮೊದಲು ಏನೇನು ಬೇಕು

ಅಳತೆ ಟೇಪು. ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟು. ಓದು ಬಾರದವರಿಗೆ ಇದೇ ಸರಿ. ಪಿನ್‌ಹೋಲ್ (ಸೂಜಿ ಗಾತ್ರದ ತೂತು) ಇರುವ ಕಣ್ಣುಮುಚ್ಚುಗ. ಹತ್ತಿರದ ನೋಟಕ್ಕೆ ಒಂದು ಕಾರ್ಡು. ಸಣ್ಣ ಟಾರ್ಚು. ಪ್ರಶ್ನಾವಳಿ. ಕೈಯಲ್ಲಿ ಹಿಡಿಯುವಂಥ ಐದು ಕಲ್ಲುಗಳು. ಇವು ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಶಾಲೆಯ ಕೋಣೆಯಲ್ಲಿ ಶಿಬಿರವಾದರೆ 6 ಮೀಟರ್ ಜಾಗ ಸಿಗದಿರಬಹುದು. ಆಗ 3 ಮೀಟರಿಗೆಂದೇ ಅಚ್ಚು ಹಾಕಿದ ಚಾರ್ಟು ತನ್ನಿ. 6 ಮೀಟರಿನ ಚಾರ್ಟನ್ನು ನಾಲ್ಕೂವರೆ ಮೀಟರಿನಲ್ಲಿ ನೇತುಹಾಕಿ "ಸುಮಾರು ಅಷ್ಟೇ" ಅನ್ನುವುದು ಬೇಡ.

ರೋಗಿ ತಮ್ಮ ಚಷ್ಮಾ ತಂದಿದ್ದಾರಾ ಎಂದು ಮೊದಲೇ ವಿಚಾರಿಸಿ. ಮನೆಯಲ್ಲೇ ಬಿಟ್ಟು ಬಂದಿದ್ದರೆ ಅದನ್ನು ಫಾರಂ ಮೇಲೆ ಬರೆಯಿರಿ.

ಹಂತ 1: ಅಳೆಯುವ ಮೊದಲು, ಅಳೆಯಬಾರದವರನ್ನು ಬೇರೆ ಮಾಡಿ

ಪೊರೆ ನಿಧಾನವಾಗಿ ಬರುತ್ತದೆ. ಅದರಿಂದ ನೋವಾಗುವುದಿಲ್ಲ. ಹಾಗಾಗಿ ಕೆಳಗಿನ ಯಾವುದಾದರೂ ಕಂಡರೆ ಫಾರಂ ಬದಿಗಿಟ್ಟು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.

ಕಣ್ಣು ಕೆಂಪಾಗಿ ನೋವು, ಜೊತೆಗೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಒಂದೆರಡು ದಿನದಲ್ಲಿ ಥಟ್ಟನೆ ಹೋದ ದೃಷ್ಟಿ. ಒಂದು ಕಡೆಯಿಂದ ಪರದೆ ಇಳಿದಂತೆ ಕತ್ತಲು, ಮಿಂಚು ಹೊಡೆದಂತಾಗುವುದು. ಪಾಪೆ ಬೆಳ್ಳಗಾಗಿ ಜೊತೆಗೆ ನೋವು. ಟಾರ್ಚಿನ ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳಲಾಗದಿರುವುದು.

ನೇರ ಗೆರೆ ಸೊಟ್ಟ ಕಾಣುತ್ತದೆ ಅಥವಾ ಪಕ್ಕದಿಂದ ಬರುವವರು ಗೊತ್ತಾಗುವುದಿಲ್ಲ ಎಂದರೆ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ) ಅಥವಾ ಗ್ಲಾಕೋಮಾದ (ಕಣ್ಣಿನ ನರ ಕೆಡಿಸುವ ಕಾಯಿಲೆ) ತೊಂದರೆಯೂ ಸೇರಿರಬಹುದು. ಅವರ ಸಂದರ್ಶನ ಮಾಡಬಹುದು, ಆದರೆ ಕಷ್ಟದ ಪೂರ್ತಿ ಲೆಕ್ಕವನ್ನು ಪೊರೆಯ ತಲೆಗೆ ಕಟ್ಟಬೇಡಿ. ಸಕ್ಕರೆ ಕಾಯಿಲೆ ಇದ್ದವರ ಫಾರಂ ಮೇಲೆ ಅದನ್ನು ದೊಡ್ಡದಾಗಿ ಬರೆಯಿರಿ.

ಹಂತ 2: ಕ್ರಮ ತಪ್ಪಬೇಡಿ. ಮಾತು ಮೊದಲು, ಚಾರ್ಟು ಆಮೇಲೆ, ಡ್ರಾಪ್ಸ್ ಕೊನೆಗೆ

ಶಿಬಿರದಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ. ರೋಗಿ ಬಂದ ಕೂಡಲೇ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸುತ್ತಾರೆ. ಕಾಯುವ ಹೊತ್ತಿನಲ್ಲಿ ಸಂದರ್ಶನ ಮುಗಿಸೋಣ ಎಂಬ ಲೆಕ್ಕ. ಡ್ರಾಪ್ಸ್ ಬಿದ್ದ ಕಣ್ಣಿಗೆ ಹತ್ತಿರದ್ದು ಮಸಕಾಗುತ್ತದೆ, ಬೆಳಕು ಕುಕ್ಕುತ್ತದೆ. ಆಮೇಲೆ ನೀವು ಅಳೆಯುವುದು ಡ್ರಾಪ್ಸಿನ ಪರಿಣಾಮವನ್ನು. ಅದರ ಪ್ರಭಾವ ಇಳಿಯಲು ಕೆಲವು ಗಂಟೆಗಳೇ ಬೇಕು.

ಚಾರ್ಟಿಗಿಂತ ಮೊದಲು ಪ್ರಶ್ನೆ ಕೇಳಬೇಕು. ಚಾರ್ಟಿನ ಮುಂದೆ ನಾಲ್ಕು ಸಾಲು ತಪ್ಪಿದ ಅಜ್ಜ ಆಮೇಲೆ ಎಲ್ಲದಕ್ಕೂ "ಏನೂ ಕಾಣಂಗಿಲ್ಲ" ಅನ್ನಲು ಶುರು ಮಾಡುತ್ತಾರೆ. ಆಪರೇಷನ್ ಬಗ್ಗೆ ಯಾರೂ ಮಾತಾಡುವ ಮೊದಲೇ ಪ್ರಶ್ನೆಗಳು ಮುಗಿದಿದ್ದರೆ ಒಳ್ಳೆಯದು. ಆಪರೇಷನ್ ಬೇಕು ಅನ್ನುವವರು ಕಷ್ಟವನ್ನು ಹಿಗ್ಗಿಸುತ್ತಾರೆ, ಹೆದರಿದವರು ಮುಚ್ಚಿಡುತ್ತಾರೆ. ಇದು ಸುಳ್ಳಲ್ಲ, ಮನುಷ್ಯ ಸ್ವಭಾವ.

ಹಂತ 3: ಪ್ರಶ್ನಾವಳಿ ಆರಿಸಿ, ಆರಿಸಿದ ಮೇಲೆ ತಿದ್ದಬೇಡಿ

ಹೆಚ್ಚು ಬಳಕೆಯಲ್ಲಿರುವುದು ಮೂರು. ವಿಎಫ್-14 ಅಮೆರಿಕದಲ್ಲಿ ಹುಟ್ಟಿದ್ದು, 1994ರಲ್ಲಿ ಪ್ರಕಟವಾಯಿತು. ಹದಿನಾಲ್ಕು ಕೆಲಸಗಳನ್ನು ಕೇಳುತ್ತದೆ: ಸಣ್ಣಕ್ಷರ ಓದುವುದು, ಮೆಟ್ಟಿಲು ನೋಡುವುದು, ಅಡುಗೆ, ಟಿವಿ, ಹಗಲು-ರಾತ್ರಿ ಗಾಡಿ ಓಡಿಸುವುದು, ಹೀಗೆ. ಅದರಲ್ಲಿ ಗಾಲ್ಫ್ ಕೂಡ ಇದೆ. ತಾಳಿಕೋಟೆ ಸೀಮೆಯಲ್ಲಿ ಅದನ್ನು ಕೇಳಿ ನೋಡಿ! ಕ್ಯಾಟ್‌ಕ್ವೆಸ್ಟ್-9ಎಸ್‌ಎಫ್ ಸ್ವೀಡನ್ನಿನದು. ಬರೀ ಒಂಬತ್ತು ಪ್ರಶ್ನೆ, ಬೇಗ ಮುಗಿಯುತ್ತದೆ. ಇಂಡ್-ವಿಎಫ್‌ಕ್ಯೂ-33 ಭಾರತದಲ್ಲೇ ರೂಪಿಸಿದ್ದು. 33 ಪ್ರಶ್ನೆಗಳಲ್ಲಿ ದಿನದ ಕೆಲಸ, ಮನಸ್ಸಿನ ಮತ್ತು ಸಮಾಜದ ಮೇಲಿನ ಪರಿಣಾಮ, ಕಣ್ಣಿನ ಲಕ್ಷಣ ಎಂದು ಮೂರು ಭಾಗ.

ಹಳ್ಳಿಯವರೇ ಜಾಸ್ತಿ ಇದ್ದರೆ ನನ್ನ ಆಯ್ಕೆ ಮೂರನೆಯದು. ದಟ್ಟಣೆಯ ಶಿಬಿರದಲ್ಲಿ ಕ್ಯಾಟ್‌ಕ್ವೆಸ್ಟ್. ಯಾವುದೇ ಆಗಲಿ, ಸರಿಯಾಗಿ ಪರೀಕ್ಷಿಸಿದ ಕನ್ನಡ ರೂಪ ಸಿಗುತ್ತದೆಯೇ, ಬಳಸಲು ಅನುಮತಿ ಬೇಕೇ ಎಂದು ನಿಮ್ಮ ಗೈಡ್ ಹತ್ತಿರ ಮೊದಲು ವಿಚಾರಿಸಿ. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಮನಸ್ಸಿಗೆ ಬಂದಂತೆ ಅನುವಾದ ಮಾಡಿದರೆ ಪ್ರತಿ ರೋಗಿಗೂ ಬೇರೆ ಪ್ರಶ್ನೆ ಕೇಳಿದಂತೆ. ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ ಪ್ರತಿಯೂ ಜೊತೆಗಿರಲಿ.

ಗಾಲ್ಫ್ ತೆಗೆದು ಬದು ದಾಟುವುದನ್ನು ಸೇರಿಸೋಣ ಅನ್ನಿಸುವುದು ಸಹಜ. ಸೇರಿಸಿದ ಕೂಡಲೇ ಅದು ವಿಎಫ್-14 ಆಗಿ ಉಳಿಯುವುದಿಲ್ಲ, ಅದರ ಅಂಕವನ್ನು ಬೇರೆಯವರ ಅಂಕದ ಜೊತೆ ಹೋಲಿಸಲು ಬರುವುದಿಲ್ಲ. ಮೂಲ ಪ್ರಶ್ನಾವಳಿ ಹಾಗೇ ಇರಲಿ. ನಮ್ಮ ಸೀಮೆಯ ಕೆಲಸಗಳಿಗೆ ಬೇರೆ ಹಾಳೆ ಇಟ್ಟುಕೊಳ್ಳಿ. ಜೋಳ ಹಸನು ಮಾಡುವುದು, ನುಸಿ ಗುರುತಿಸುವುದು, ಬಸ್ಸಿನ ಬೋರ್ಡು, ಸಂಜೆ ಹೊಲದಿಂದ ಬರುವ ದಾರಿ, ಮಗ್ಗದಲ್ಲಿ ಕಡಿದ ಎಳೆ ಕಟ್ಟುವುದು, ಇಳಕಲ್ ಸೀರೆಗೆ ಸೆರಗಿನ ಕೊಂಡಿ ಹಾಕುವುದು, ಗುಳೇದಗುಡ್ಡದ ಖಣದ ಕೆಲಸ. ಈ ಹಾಳೆಗೆ ಅಂಕ ಬೇಡ, ವಿವರ ಸಾಕು.

ಈ ಬೇರೆ ಹಾಳೆಗೆ ನೋಟು ಗುರುತಿಸುವ ಪ್ರಶ್ನೆಯನ್ನು ಖಂಡಿತ ಸೇರಿಸಿ. ಮಸೂರದ ನಡುಭಾಗ ಹಳದಿಯಾದವರಿಗೆ ಬಣ್ಣದ ವ್ಯತ್ಯಾಸ ಮಂಕಾಗುತ್ತದೆ. ಹಸಿರು ಮಿಶ್ರಿತ ಹಳದಿಯ 20ರ ನೋಟು, ಹಳದಿಯ 200ರ ನೋಟು ಅದಲು ಬದಲಾಗಿದೆಯೇ ಕೇಳಿ. ಆದರೆ ಹೆಂಗಸರಿಗೆ ಬಸ್ಸಿನ ಉದಾಹರಣೆ ಕೊಡಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಅವರು ದುಡ್ಡು ಕೊಡುವುದೇ ಇಲ್ಲ. ಸಂತೆ, ಕಿರಾಣಿ ಅಂಗಡಿ ಅನ್ನಿ.

ಇನ್ನು ಆ ಐದು ಕಲ್ಲು. "ಸ್ವಲ್ಪ ಕಷ್ಟ, ಮಧ್ಯಮ ಕಷ್ಟ, ಬಹಳ ಕಷ್ಟ" ಅಂತ ಐದು ಆಯ್ಕೆ ಓದಿ ಹೇಳಿದರೆ ವಯಸ್ಸಾದವರಿಗೆ ಕೊನೆಯದ್ದು ಮಾತ್ರ ನೆನಪಿರುತ್ತದೆ. ಚಿತ್ರ ತೋರಿಸೋಣ ಎಂದರೆ ಕಣ್ಣೇ ಮಸಕು. ಕಲ್ಲುಗಳನ್ನು ಅಂಗೈಗೆ ಕೊಡಿ. ಕಷ್ಟವೇ ಇಲ್ಲದಿದ್ದರೆ ಎಲ್ಲವನ್ನೂ ಇಟ್ಟುಕೊಳ್ಳಲಿ, ಕಷ್ಟ ಹೆಚ್ಚಿದಷ್ಟೂ ಒಂದೊಂದು ವಾಪಸ್ ಕೊಡಲಿ, ಮಾಡಲಾಗದೇ ಇದ್ದರೆ ಒಂದೇ ಉಳಿಯಲಿ (ವಿಎಫ್-14ರಲ್ಲಿ ಇದಕ್ಕೆ ಸೊನ್ನೆ ಅಂಕ). ನಾಲ್ಕು ಆಯ್ಕೆಯ ಪ್ರಶ್ನಾವಳಿಗೆ ನಾಲ್ಕು ಕಲ್ಲು ಸಾಕು. ಮೊದಲ ಪ್ರಶ್ನೆಗೆ ಮುಂಚೆ ಗೊತ್ತಿರುವ ಒಂದು ಕೆಲಸದಲ್ಲಿ ಪ್ರಯೋಗ ಮಾಡಿಸಿ.

ಹಂತ 4: "ಮಾಡಂಗಿಲ್ರಿ" ಅಂದರೆ ಮೂರು ಅರ್ಥ

ಇಲ್ಲಿ ನಿಧಾನ ಮಾಡಿ. ಇಡೀ ಅಳತೆ ನಿಲ್ಲುವುದು, ಬೀಳುವುದು ಇದರ ಮೇಲೆ.

"ಅಜ್ಜಾರ, ಕತ್ತಲಾದ ಮ್ಯಾಲೆ ಹೊರಗ ಹೋಗ್ತೀರೇನ್ರಿ?"

"ಇಲ್ಲ ತಮ್ಮಾ, ಈಗೆಲ್ಲಿ ಹೋಗೂದು."

ಈ ಉತ್ತರಕ್ಕೆ ಏನು ಗುರುತು ಹಾಕುತ್ತೀರಿ? ಒಬ್ಬರು "ಮಾಡಲಾಗದು" ಎಂದು ಸೊನ್ನೆ ಹಾಕುತ್ತಾರೆ. ಇನ್ನೊಬ್ಬರು "ಅನ್ವಯಿಸದು" ಎಂದು ಬಿಡುತ್ತಾರೆ. ಮತ್ತೊಬ್ಬರು, ಅಜ್ಜ ತಕರಾರು ಹೇಳಲಿಲ್ಲವಲ್ಲ ಅಂತ "ಕಷ್ಟವಿಲ್ಲ" ಹಾಕುತ್ತಾರೆ. ಮೂರೂ ತಪ್ಪಿರಬಹುದು, ಏಕೆಂದರೆ ಇನ್ನೂ ಕೇಳುವುದು ಮುಗಿದಿಲ್ಲ. ಮೂರು ಮರುಪ್ರಶ್ನೆ ಕಾಯಂ ಇಟ್ಟುಕೊಳ್ಳಿ.

"ಮೊದಲ ಹೋಗ್ತಿದ್ರೇನ್ರಿ?" ಇಲ್ಲವೇ ಇಲ್ಲ ಅಂದರೆ ಅನ್ವಯಿಸದು. ಅಲ್ಲಿಗೆ ಮುಗಿಯಿತು.

"ಯಾಕ ಬಿಟ್ರಿ?" ಮೊಣಕಾಲು ನೋವು ಅಂದರೆ ಕಾರಣ ಕಣ್ಣಲ್ಲ, ಆಗಲೂ ಅನ್ವಯಿಸದು. ದಾರಿ ಕಾಣುವುದಿಲ್ಲ ಅಂದರೆ ಸೊನ್ನೆ.

"ಕಣ್ಣು ಚಲೋ ಆದರ ಮತ್ತ ಹೋಗ್ತೀರೇನ್ರಿ?" ಎರಡನೇ ಪ್ರಶ್ನೆಗೆ "ವಯಸ್ಸಾತು" ಎಂಬ ಉತ್ತರ ಬಂದಾಗ ಇದು ಕೆಲಸಕ್ಕೆ ಬರುತ್ತದೆ. ವಯಸ್ಸು ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಪೊರೆಯೇ ಅಡಗಿರುತ್ತದೆ.

ಹೆಂಗಸರ ವಿಷಯದಲ್ಲಿ ಇನ್ನೊಂದು ಸುತ್ತು. "ಜೋಳ ಹಸನ ಮಾಡ್ತೀರೇನವ್ವಾ?" ಎಂದರೆ "ಸೊಸಿ ಮಾಡ್ತಾಳ" ಅನ್ನುತ್ತಾರೆ. ಸೊಸೆ ಬಂದ ಮೇಲೆ ಕೆಲಸ ಅವಳ ಪಾಲಿಗೆ ಹೋಗುವುದು ಮನೆಯ ರೀತಿ. ಆದರೆ ರೊಟ್ಟಿಯಲ್ಲಿ ಕಲ್ಲು ಸಿಕ್ಕಿದ್ದಕ್ಕೆ ಕೆಲಸ ಕೈ ಬದಲಾಗಿದ್ದರೆ ಅದು ಕಣ್ಣಿನ ವಿಷಯ. ಯಾವಾಗ ಬಿಟ್ಟರು, ಏನಾಗಿ ಬಿಟ್ಟರು ಎಂದು ಕೇಳಿದರೆ ಸಿಗುತ್ತದೆ.

ಸೊಸೆ, ಮಗ ಪಕ್ಕದಲ್ಲಿ ಕೂತು ತಾವೇ ಉತ್ತರ ಕೊಡುವುದು ಇದ್ದದ್ದೇ. ಅವರಿಗೆ ಬೇರೆ ಕಡೆ ಕುರ್ಚಿ ಕೊಡಿ. ಕೊನೆಯಲ್ಲಿ ಅವರ ಮಾತನ್ನೂ ಕೇಳಿ, ಬೇರೆ ಶಾಯಿಯಲ್ಲಿ ಅಂಚಿನಲ್ಲಿ ಬರೆಯಿರಿ. ಇಬ್ಬರ ಮಾತು ಬೇರೆಯಾದರೆ ಅಂಕ ರೋಗಿಯ ಮಾತಿಗೆ.

ಇನ್ನು "ಎಲ್ಲಾ ಆರಾಮ ಐತ್ರಿ" ಎನ್ನುವವರು. ಮರ್ಯಾದೆಗೆ ಹಾಗೆ ಹೇಳುತ್ತಾರೆ. ಅಂಥವರಿಗೆ "ಸಾಮಾನ್ಯವಾಗಿ" ಎಂದು ಕೇಳಿ ಪ್ರಯೋಜನವಿಲ್ಲ. ನಿನ್ನೆಯದು ಕೇಳಿ. ನಿನ್ನೆ ಬಾಗಿಲಿಗೆ ಬಂದವರನ್ನು ಮುಖ ನೋಡಿ ಗುರುತಿಸಿದರಾ, ಧ್ವನಿ ಕೇಳಿ ಗುರುತಿಸಿದರಾ?

ಒಂದು ನಿಯಮ ಮರೆಯಬೇಡಿ: ಪ್ರಶ್ನೆಗಳೆಲ್ಲ ಎರಡೂ ಕಣ್ಣು ತೆರೆದು, ದಿನವೂ ಹಾಕುವ ಚಷ್ಮಾ ಹಾಕಿಕೊಂಡು ಇರುವ ಸ್ಥಿತಿಯ ಬಗ್ಗೆ.

ಹಂತ 5: ಚಾರ್ಟು

ಇದು ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. ಬಲಗಣ್ಣು, ಎಡಗಣ್ಣು, ಆಮೇಲೆ ಎರಡೂ ಸೇರಿ. ಮೂರನೆಯದ್ದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಿನದ ಕೆಲಸದ ಜೊತೆ ಹೋಲಿಸಬೇಕಾದದ್ದು ಅದೇ. ಒಂದು ಸಾಲಿನಲ್ಲಿ ಐದು 'ಇ' ಇದ್ದರೆ ನಾಲ್ಕು ಸರಿಯಾದಾಗ ಆ ಸಾಲು ಪಾಸು. 6/60 ಕಾಣದಿದ್ದರೆ 3 ಮೀಟರಿಗೆ, ಆಮೇಲೆ 1 ಮೀಟರಿಗೆ ಬನ್ನಿ. ಅಲ್ಲೂ ಆಗದಿದ್ದರೆ ಬೆರಳೆಣಿಕೆ, ಕೈ ಅಲುಗಾಟ, ಬೆಳಕು.

ಪಿನ್‌ಹೋಲ್ ಹಿಡಿದಾಗ ಎರಡು ಮೂರು ಸಾಲು ಸುಧಾರಿಸಿದರೆ ಚಷ್ಮಾ ನಂಬರಿನ ದೋಷ ದೊಡ್ಡದಿದೆ ಎಂದರ್ಥ. ಅಂಥವರಿಗೆ ಮೊದಲು ಚಷ್ಮಾ ಪರೀಕ್ಷೆ ಆಗಲಿ. ಹತ್ತಿರದ ನೋಟವನ್ನೂ ಅಳೆಯಿರಿ. ನಡುಪೊರೆ (ಮಸೂರದ ನಡುಭಾಗದ ಪೊರೆ) ಬೆಳೆಯುವಾಗ ಕಣ್ಣಿಗೆ ಮೈನಸ್ ನಂಬರ್ ಬರುತ್ತದೆ. "ಚಷ್ಮಾ ಇಲ್ದ ಪೇಪರ್ ಓದಾಕತ್ತೀನಿ" ಎಂದು ಖುಷಿಪಡುವ ಹಿರಿಯರಿಗೆ ದೂರದ್ದು ಕುಸಿದಿರುತ್ತದೆ. ಒಟ್ಟು ಅಂಕ ಇದನ್ನು ಮರೆಮಾಡುತ್ತದೆ. ಹಾಗಾಗಿ ಹತ್ತಿರದ ಕೆಲಸ, ದೂರದ ಕೆಲಸ ಬೇರೆ ಬೇರೆ ನೋಡಿ.

ಹಂತ 6: ಬಿಸಿಲು ಮತ್ತು ಮಂಕು

ಚಾರ್ಟಿನಲ್ಲಿ 6/9, ಮಾತಿನಲ್ಲಿ ಮಾತ್ರ "ಏನೂ ಆಗಂಗಿಲ್ಲ". ಇಂಥವರನ್ನು ನಾಟಕ ಅಂದುಕೊಳ್ಳಬೇಡಿ. ಮಸೂರದ ಹಿಂಭಾಗದ ಪೊರೆ ಸಣ್ಣದಿದ್ದರೂ ಬೆಳಕಿನ ದಾರಿಯ ನಡುವೆಯೇ ಕೂತಿರುತ್ತದೆ. ಬಿಸಿಲಿಗೆ ಪಾಪೆ ಕಿರಿದಾದಾಗ ನೋಟ ಪೂರ್ತಿ ಅದರ ಮೂಲಕವೇ ಹೋಗಬೇಕು. ಕೋಣೆಯೊಳಗೆ ಚಲೋ ಕಾಣುವವರು ವಿಜಯಪುರದ ಏಪ್ರಿಲ್ ಮಧ್ಯಾಹ್ನಕ್ಕೆ ಹೊರಬಿದ್ದರೆ ಕುರುಡರಂತಾಗುತ್ತಾರೆ.

ಅಂದಾಜು ಪರೀಕ್ಷೆ ಸುಲಭ. ಒಂದು ಕಣ್ಣಿನಿಂದ ಚಾರ್ಟು ಓದಿಸಿ. ಅದೇ ಕಣ್ಣಿನ ಪಕ್ಕದಿಂದ, ಒಂದಡಿ ದೂರದಲ್ಲಿ, ನೇರವಾಗಿ ಅಲ್ಲದೆ ಓರೆಯಾಗಿ ಟಾರ್ಚು ಹಿಡಿದು ಮತ್ತೆ ಓದಿಸಿ. ಎರಡು ಸಾಲು ಅಥವಾ ಹೆಚ್ಚು ಕುಸಿದರೆ ಬರೆದುಕೊಳ್ಳಿ. ಪ್ರತಿ ಸಲವೂ ಅದೇ ಟಾರ್ಚು, ಅದೇ ದೂರ. ಸೂರ್ಯನನ್ನು ನೋಡಿಸುವುದು ಮಾತ್ರ ಎಂದಿಗೂ ಬೇಡ.

ಮಂಕು, ಅಂದರೆ ಕಾಂಟ್ರಾಸ್ಟ್ ಅಳೆಯಲು ಪೆಲ್ಲಿ-ರಾಬ್ಸನ್ ಚಾರ್ಟು ಇದೆ. 1 ಮೀಟರಿನಲ್ಲಿ ಓದಿಸುತ್ತಾರೆ. ಅಕ್ಷರದ ಅಳತೆ ಒಂದೇ, ಮೂರು ಮೂರರ ಗುಂಪಾಗಿ ಬಣ್ಣ ತೆಳುವಾಗುತ್ತಾ ಹೋಗುತ್ತದೆ. ಮೂರರಲ್ಲಿ ಎರಡು ಸರಿಯಾದರೆ ಆ ಗುಂಪು ಪಾಸು, ಒಂದೊಂದು ಗುಂಪಿಗೆ 0.15 ಅಂಕದ ಅಂತರ. ಅಂಕ 1.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ. ಅಕ್ಷರ ಇಂಗ್ಲಿಷಿನವು, ಆದ್ದರಿಂದ ಓದು ಬಾರದವರಿಗೆ 'ಇ' ಅಥವಾ ಚಿತ್ರಗಳಿರುವ ಕಾಂಟ್ರಾಸ್ಟ್ ಕಾರ್ಡು ಬೇಕು. ಇಲ್ಲದಿದ್ದರೆ "ಅಳೆದಿಲ್ಲ" ಎಂದು ಬರೆಯಿರಿ. ಜೆರಾಕ್ಸ್ ಮಾಡಿದ ಚಾರ್ಟಿಗೆ ಬೆಲೆ ಇಲ್ಲ, ತೆಳು ಅಕ್ಷರಗಳೇ ಕೆಟ್ಟಿರುತ್ತವೆ.

ಅಡುಗೆಮನೆಯಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಕರಿ ಹಂಚಿನ ಮೇಲೆ ಬಿಳಿ ಜೋಳದ ರೊಟ್ಟಿ ಪೊರೆ ಬಲಿತರೂ ಕಾಣುತ್ತದೆ. ಬಿಳಿ ಕಪ್ಪಿನಲ್ಲಿ ಹಾಲು ಎಲ್ಲಿಗೆ ಬಂತು ಅನ್ನುವುದು ಕಾಣುವುದಿಲ್ಲ. ಒಂದೇ ಬಣ್ಣದ ಸಿಮೆಂಟ್ ಮೆಟ್ಟಿಲಿನ ಅಂಚು ಸಂಜೆಗೆ ಮಾಯ. "ಅಡಿಗಿ ಮಾಡ್ತೀರೇನ್ರಿ?" ಎಂಬ ಒಂದೇ ಪ್ರಶ್ನೆಗೆ "ಹೌದು" ಬಂತೆಂದು ನಿಲ್ಲಿಸಿದರೆ ಈ ವ್ಯತ್ಯಾಸ ಕೈ ತಪ್ಪುತ್ತದೆ.

ಹಂತ 7: ಒಂದು ಕೆಲಸ ಕಣ್ಣೆದುರು ಮಾಡಿಸಿ

ಸಮಯವಿದ್ದರೆ ಮಾತ್ರ. ಒಂದು ಬಟ್ಟಲು ಬಿಳಿಜೋಳಕ್ಕೆ ಹತ್ತು ಸಣ್ಣ ಕಲ್ಲು ಬೆರೆಸಿ, ಮೊರಕ್ಕೆ ಹಾಕಿ ಆರಿಸಲು ಹೇಳಿ. ಎರಡು ನಿಮಿಷದಲ್ಲಿ ಎಷ್ಟು ಸಿಕ್ಕವು ಎಣಿಸಿ. ಕಲ್ಲುಗಳ ಬಣ್ಣ ಜೋಳಕ್ಕೆ ಹತ್ತಿರವಿರಲಿ, ಕರಿ ಕಲ್ಲಾದರೆ ಎಲ್ಲರೂ ಪಾಸು. ಅದೇ ಮೊರ, ಅದೇ ಕಿಟಕಿ, ಹೆಚ್ಚುಕಡಿಮೆ ಅದೇ ಹೊತ್ತು. ಬೆರಳಿನ ಸ್ಪರ್ಶದಿಂದ ಹುಡುಕುತ್ತಿದ್ದಾರಾ ಗಮನಿಸಿ. ಅನುಭವಿ ಹೆಂಗಸರು ಅರ್ಧ ಕಲ್ಲು ಹಾಗೇ ಹಿಡಿಯುತ್ತಾರೆ! ಈ ಪರೀಕ್ಷೆಗೆ ಪ್ರಮಾಣಿತ ಅಂಕವಿಲ್ಲ. ಆ ವ್ಯಕ್ತಿಯ ಮುಂಚಿನ ಮತ್ತು ನಂತರದ ಫಲ ಹೋಲಿಸಲು ಮಾತ್ರ ಬಳಸಿ.

ಹಂತ 8: ಅಂಕ ಹಾಕುವುದು

ವಿಎಫ್-14ರಲ್ಲಿ ಪ್ರತಿ ಕೆಲಸಕ್ಕೆ 0ಯಿಂದ 4. ಕಣ್ಣಿನಿಂದಾಗಿ ಮಾಡಲಾಗದಿದ್ದರೆ 0, ಕಷ್ಟವೇ ಇಲ್ಲದಿದ್ದರೆ 4. ಅನ್ವಯಿಸದವನ್ನು ಬಿಟ್ಟು ಸರಾಸರಿ ತೆಗೆದು 25ರಿಂದ ಗುಣಿಸಿದರೆ 0ಯಿಂದ 100ರೊಳಗಿನ ಅಂಕ.

ಉದಾಹರಣೆಗೆ 14ರಲ್ಲಿ 4 ಅನ್ವಯಿಸವು, ಉಳಿದ 10ರ ಮೊತ್ತ 22. ಸರಾಸರಿ 2.2, ಅಂಕ 55. ಆ ನಾಲ್ಕಕ್ಕೆ ಸೊನ್ನೆ ಹಾಕಿದರೆ 22ನ್ನು 14ರಿಂದ ಭಾಗಿಸಿ ಅಂಕ 39ಕ್ಕೆ ಇಳಿಯುತ್ತದೆ. "ಕಷ್ಟವಿಲ್ಲ" ಎಂದು 4 ಹಾಕಿದರೆ 68ಕ್ಕೆ ಏರುತ್ತದೆ. ಒಬ್ಬರೇ ರೋಗಿ, ಒಂದೇ ಕಣ್ಣು, ಮೂರು ಅಂಕ. ನಾಲ್ಕನೇ ಹಂತದಲ್ಲಿ ಅಷ್ಟು ಎಳೆದದ್ದು ಇದಕ್ಕೇ.

ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಅನ್ವಯಿಸದಿದ್ದರೆ ನಾನು ಅಂಕ ಹಾಕುವುದಿಲ್ಲ, ಆ ಪ್ರಶ್ನಾವಳಿ ಅವರ ಬದುಕಿಗೆ ಹೊಂದುವುದಿಲ್ಲ ಎಂದು ಬರೆಯುತ್ತೇನೆ. ಬೇರೆ ಪ್ರಶ್ನಾವಳಿಗಳ ಲೆಕ್ಕ ಬೇರೆ. ಕ್ಯಾಟ್‌ಕ್ವೆಸ್ಟಿನ ಅಂಕವನ್ನು ಸುಮ್ನೆ ಕೂಡಿಸಿ ಸರಾಸರಿ ತೆಗೆಯಬಾರದು, ಅದಕ್ಕೆ ರಾಶ್ ಎಂಬ ಸಂಖ್ಯಾಶಾಸ್ತ್ರ ವಿಧಾನದ ಪಟ್ಟಿ ಇದೆ.

ಫಾರಂ ಕೆಟ್ಟಿದೆ ಅನ್ನುವ ಗುರುತುಗಳು: ಎಲ್ಲಾ ಸಾಲಿಗೂ ಒಂದೇ ಉತ್ತರ, ಓದು ಬಾರದವರಿಗೆ "ಪೇಪರ್ ಓದಲಾಗದು" ಎಂದು ಸೊನ್ನೆ, ಎರಡೂ ಕಣ್ಣಿಗೆ 3/60 ಇದ್ದು ಅಂಕ 90. ಕೊನೆಯದ್ದು ಕಂಡರೆ ಉತ್ತರ ಕೊಟ್ಟವರು ಯಾರು ಅಂತ ಮೊದಲು ನೋಡಿ.

ಹಂತ 9: ಆಪರೇಷನ್ ನಂತರ ಮತ್ತೆ

ಮರುದಿನ ಪಟ್ಟಿ ಬಿಚ್ಚಿದಾಗ ಅಳೆಯಬೇಡಿ. ಅವತ್ತು ಎಲ್ಲರೂ ಖುಷಿಯಲ್ಲಿರುತ್ತಾರೆ, ಕಣ್ಣು ಇನ್ನೂ ಮಾಗಿರುವುದಿಲ್ಲ. ಆರರಿಂದ ಎಂಟು ವಾರ ಕಳೆದು, ಹೊಸ ಚಷ್ಮಾ ಕೈಗೆ ಬಂದ ಮೇಲೆ ಮಾಡಿ. ಅದೇ ಪ್ರಶ್ನಾವಳಿ, ಅದೇ ಭಾಷೆ, ಸಾಧ್ಯವಾದರೆ ಅದೇ ವ್ಯಕ್ತಿ ಕೇಳಲಿ. ಆಪರೇಷನ್ ಮಾಡಿದ ಡಾಕ್ಟರು ಮಾತ್ರ ಕೇಳಬಾರದು. ಅವರೆದುರು "ಚಲೋ ಆಗಿಲ್ಲ" ಅನ್ನುವವರು ಯಾರು?

ಸಾಮಾನ್ಯವಾಗಿ ಹಾಕುವ ಮಸೂರ ದೂರಕ್ಕೆ ಹೊಂದಿಸಿದ್ದು. ಓದುವ ಚಷ್ಮಾ ಕೊಡದೆ ಅಳೆದರೆ ಸೂಜಿಗೆ ದಾರ, ಜೋಳದ ಕಲ್ಲು, ಮಗ್ಗದ ಎಳೆ ಎಲ್ಲದರಲ್ಲೂ ಅಂಕ ಕಡಿಮೆ ಬರುತ್ತದೆ. ಅದು ಆಪರೇಷನ್ ಸೋತದ್ದಲ್ಲ, ಚಷ್ಮಾ ಸಿಗದದ್ದು. ಒಂದೇ ಕಣ್ಣಿಗೆ ಆಗಿದ್ದರೆ ಇನ್ನೊಂದರ ಪೊರೆ ಬಿಸಿಲಿನಲ್ಲಿ ಇನ್ನೂ ಕಾಡುತ್ತಿರಬಹುದು, ಮೆಟ್ಟಿಲಿನ ಆಳ ಗೊತ್ತಾಗದಿರಬಹುದು. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಋತುವನ್ನೂ ಫಾರಂ ಮೇಲೆ ಹಾಕಿ. ಬೇಸಿಗೆಯಲ್ಲಿ ಮೊದಲ ಅಳತೆ, ಮೋಡದ ಆಷಾಢದಲ್ಲಿ ಎರಡನೆಯದು ಆದರೆ ಬಿಸಿಲಿನ ತೊಂದರೆ ತಾನಾಗಿಯೇ ಇಳಿದಿರುತ್ತದೆ. ಕಬ್ಬು ಕಟಾವಿಗೆ ಹೋದವರು ಎರಡನೇ ಭೇಟಿಗೆ ಸಿಗುವುದೂ ಕಷ್ಟ. ದಿನಾಂಕ ಕೊಡುವ ಮುಂಚೆ ಅವರು ಎಲ್ಲಿರುತ್ತಾರೆ ಎಂದು ಕೇಳಿ, ಊರಿನ ಆಶಾ ಕಾರ್ಯಕರ್ತೆಯ ಹೆಸರನ್ನು ಫಾರಂನಲ್ಲಿ ಬರೆದುಕೊಳ್ಳಿ.